ಬೆಂಚಿನ ಮೇಲಿನ ಹೆಂಗಸು

ಕತ್ತರಿ ಅಕ್ಕ ಬರೆದದ್ದು ಹತ್ತೊಂಬತ್ತು ಪತ್ತೇದಾರಿ ಕಾದಂಬರಿ. ಹತ್ತೊಂಬತ್ತರಲ್ಲೂ ಒಬ್ಬ ಪತ್ರಕರ್ತೆ ಇದ್ದಾಳೆ, ಅವಳನ್ನು ಪ್ರೀತಿಸುವ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಇದ್ದಾನೆ, ಇಬ್ಬರೂ ಸೇರಿ ಕೊಲೆಗಾರನನ್ನು ಹಿಡಿಯುತ್ತಾರೆ. ಹದಿನೆಂಟರಲ್ಲಿ ಮಾತ್ರ ಇನ್ನೊಬ್ಬಳೂ ಇದ್ದಾಳೆ. ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಕೋರ್ಟಿನ ಜಗಲಿಯಲ್ಲೋ ಒಂದು ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುವ ಹೆಂಗಸು. ಕತೆಗೂ ಆಕೆಗೂ ಸಂಬಂಧವೇ ಇಲ್ಲ. ಇದನ್ನು ನಾನು ಎಣಿಸಿ ಹೇಳುತ್ತಿದ್ದೇನೆ, ಯಾಕೆಂದರೆ ಅಷ್ಟೂ ಪುಸ್ತಕಗಳ ಕರಡು ತಿದ್ದಿದವನು ನಾನೇ.

ನಾನು ಒಂದು ದಿನಪತ್ರಿಕೆಯಲ್ಲಿ ಮೂವತ್ತೆರಡು ವರ್ಷ ಪ್ರೂಫ್ ನೋಡಿದವನು. ಕಚೇರಿಯಲ್ಲಿ ನನ್ನ ಹೆಸರು ಕನ್ನಡಕ. ಬೆನ್ನ ಹಿಂದೆ ಮಾತ್ರ ಅಲ್ಲ, ಮುಖದೆದುರೇ ಹಾಗೆ ಕರೆಯುತ್ತಿದ್ದರು. ನನಗೆ ಮೂಗಿನ ತುದಿಯಲ್ಲಿ ಕೋಪ ಅಂತ ಎಲ್ಲರೂ ಹೇಳುತ್ತಾರೆ. ದಿನಕ್ಕೆ ಎಂಟು ಗಂಟೆ ಊರವರ ತಪ್ಪುಗಳನ್ನೇ ಓದುವವನಿಗೆ ಕೋಪ ಬರದೆ ಇನ್ನೇನು ಬರುತ್ತದೆ? ಪ್ರೂಫ್ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಕೊಳವೆ ಕಾಣುತ್ತಿತ್ತು. ಮುಂಬಾಗಿಲಲ್ಲಿ ಜಾಹೀರಾತು ಕೌಂಟರ್. ಅಲ್ಲಿಗೆ ಯಾರು ಬರುತ್ತಾರೆ ಯಾರು ಹೋಗುತ್ತಾರೆ ಅಂತ ನಾನು ತಲೆ ಕೆಡಿಸಿಕೊಂಡವನೇ ಅಲ್ಲ. ಅದಕ್ಕಾಗಿ ಈಗ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಕತ್ತರಿ ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅಪರಾಧ ಸುದ್ದಿ ಬರೆಯುವ ಹೆಂಗಸು ನಮ್ಮಲ್ಲಿ ಅವಳೊಬ್ಬಳೇ. ಕುಳ್ಳಗೆ, ಗಟ್ಟಿ ದನಿ, ಭುಜದ ಚೀಲದಲ್ಲಿ ಸದಾ ಎರಡು ನೀಲಿ ಪೆನ್ಸಿಲ್. ಮಧ್ಯಾಹ್ನದವರೆಗೆ ಠಾಣೆ, ಆಸ್ಪತ್ರೆ ಸುತ್ತಿ ಬಂದು, ಸಂಜೆ ಸ್ಥಳೀಯ ಪುಟವನ್ನೂ ಅವಳೇ ಕಟ್ಟುತ್ತಿದ್ದಳು. ಸಣ್ಣ ಪತ್ರಿಕೆಯಲ್ಲಿ ಒಬ್ಬರೇ ಮೂರು ಜನರ ಕೆಲಸ ಮಾಡುವುದು ಮಾಮೂಲು. ಜಾಗ ಸಾಲದಿದ್ದರೆ ಸುದ್ದಿ ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಲೆ ಮುಟ್ಟಬೇಡ, ಬಾಲ ಕತ್ತರಿಸು. ಇದು ಪತ್ರಿಕೆಯವರಿಗೆಲ್ಲ ಮೊದಲ ದಿನ ಕಲಿಸುವ ಪಾಠ. ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಬರೆದಿರುತ್ತೇವೆ, ಕೆಳಗೆ ಹೋದಂತೆ ಸಪ್ಪೆ, ಆದ್ದರಿಂದ ಕೆಳಗಿನಿಂದ ಕತ್ತರಿಸಿದರೆ ಯಾರಿಗೂ ನಷ್ಟವಿಲ್ಲ. ಅಕ್ಕ ಓದಿಯೂ ನೋಡದೆ ಕೊನೆಯ ಎರಡು ಸಾಲಿನ ಮೇಲೆ ನೀಲಿ ಗೆರೆ ಎಳೆದು ಬಿಸಾಡುತ್ತಿದ್ದಳು. ಕತ್ತರಿ ಅನ್ನುವ ಹೆಸರು ಬಂದಾಗ ಅವಳಿಗೆ ಹೆಮ್ಮೆಯೇ ಆಗಿತ್ತು.

ಆಗ ಅವಳಿಗೊಬ್ಬ ಗೆಳೆಯನಿದ್ದ. ಹೊಳೆಯ ಆಚೆ ಬದಿಯ ಠಾಣೆಯ ಸಬ್ ಇನ್‌ಸ್ಪೆಕ್ಟರು. ತೆಳ್ಳಗೆ, ಮಾತು ಕಡಿಮೆ, ಬರವಣಿಗೆ ಮಾತ್ರ ಮುತ್ತು ಪೋಣಿಸಿದ ಹಾಗೆ. ಪತ್ರಿಕೆಯವರು ದಿನಾ ಸಂಜೆ ನಾಲ್ಕಕ್ಕೆ ಎಲ್ಲ ಠಾಣೆಗೂ ಫೋನ್ ಮಾಡಿ ಏನಾದರೂ ಘಟನೆ ಇದೆಯಾ ಅಂತ ಕೇಳುವುದು ವಾಡಿಕೆ. ಆ ಠಾಣೆಗೆ ಅಕ್ಕ ಕೊನೆಯಲ್ಲಿ ಫೋನ್ ಮಾಡುತ್ತಿದ್ದಳು, ಅವಸರ ಇರಬಾರದಲ್ಲ.

"ಏನಾದ್ರೂ ಇದೆಯಾ ಸಾಹೇಬ್ರೇ?"

"ಏನೂ ಇಲ್ಲ ಮೇಡಂ. ನಾನಿದ್ದೀನಿ ಅಷ್ಟೇ."

ಇಷ್ಟಕ್ಕೇ ಅವಳು ಕಿವಿಯವರೆಗೆ ಕೆಂಪಾಗುತ್ತಿದ್ದಳು. ಇಡೀ ಕಚೇರಿಗೆ ಗೊತ್ತಿತ್ತು. ಮೊದಲ ಕಾದಂಬರಿ ಹುಟ್ಟಿದ್ದು ಆ ಸುಖದಲ್ಲೇ. ಅವಳು ಬರೆದ ಹಾಳೆಗಳನ್ನು ಆತ ಓದಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ: 'ಕೈಕೋಳ ಹೀಗೆ ಹಾಕುವುದಿಲ್ಲ.' 'ಇಷ್ಟು ಬೇಗ ವೈದ್ಯರ ವರದಿ ಯಾವ ಲೋಕದಲ್ಲಿ ಬರುತ್ತದೆ?' 'ಇನ್‌ಸ್ಪೆಕ್ಟರ್ ಇಷ್ಟು ಸುಂದರ ಇರುವುದಿಲ್ಲ.' ಕೊನೆಯದನ್ನು ಅವಳು ತಿದ್ದಲಿಲ್ಲ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಪ್ರಕಾಶಕರು ಎರಡನೆಯದಕ್ಕೆ ಗಂಟುಬಿದ್ದರು. ಓದುಗರು ಮಾತ್ರ ಒಂದೇ ಪ್ರಶ್ನೆ ಕೇಳಿ ಕಾಗದ ಬರೆದರು: ಇವರಿಬ್ಬರ ಮದುವೆ ಯಾವಾಗ?

ಎರಡನೆಯ ಕಾದಂಬರಿ ನನ್ನ ಮೇಜಿಗೆ ಬರುವ ಹೊತ್ತಿಗೆ ನಾಲ್ಕು ಗಂಟೆಯ ಆ ಫೋನ್ ನಿಂತುಹೋಗಿತ್ತು. ಆ ಠಾಣೆಗೆ ಬೇರೆಯವರು ಮಾತಾಡಲಿ ಅಂದಳು. ಸಾಹೇಬರು ಎರಡು ಸಲ ಕಚೇರಿಯವರೆಗೆ ಬಂದರು, ಅವಳು ಹಿಂಬಾಗಿಲಿನಿಂದ ಹೊರಟುಹೋದಳು. ಆಮೇಲೆ ಅವರಿಗೆ ದೂರದ ಊರಿಗೆ ವರ್ಗವಾಯಿತು. ನಾವೆಲ್ಲ ಜಗಳ ಆಗಿರಬೇಕು ಅಂದುಕೊಂಡೆವು. ನನ್ನ ಬುದ್ಧಿಗೆ ಅದಕ್ಕಿಂತ ಹೆಚ್ಚಿನದು ಹೊಳೆಯಲಿಲ್ಲ.

ನಡೆದದ್ದೇನು ಅನ್ನುವುದನ್ನು ಪತ್ತೇದಾರಿ ಕಾದಂಬರಿಯಾದರೆ ಕೊನೆಗೆ ಹೇಳಬೇಕು. ನನಗೆ ಆ ಆಟ ಬೇಡ, ಈಗಲೇ ಹೇಳಿಬಿಡುತ್ತೇನೆ.

ಹೊಳೆಯ ಸೇತುವೆ ಕೆಳಗೆ ಒಬ್ಬ ಹೆಂಗಸಿನ ಹೆಣ ಸಿಕ್ಕಿತ್ತು. ನೀರಿನಲ್ಲಿ ನಾಲ್ಕು ದಿನ ಇದ್ದ ಹೆಣ, ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ. ವಾರಸುದಾರರು ಬರಲಿ ಅಂತ ಸಾಹೇಬರು ಪತ್ರಿಕೆಗೆ ಪ್ರಕಟಣೆ ಕಳಿಸಿದರು. ಪೊಲೀಸರ ಬರವಣಿಗೆಗೆ ಅದರದೇ ಕ್ರಮ ಇದೆ. ಮೊದಲು ಜಾಗ, ದಿನ, ಆಮೇಲೆ ಅಂದಾಜು ವಯಸ್ಸು, ಎತ್ತರ, ಮೈಕಟ್ಟು, ಬಟ್ಟೆ. ವಿಶೇಷ ಗುರುತು ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಅವರು ಆ ಬಟ್ಟೆಯನ್ನು ಒಳಗೆ ಹೊರಗೆ ಮಾಡಿ ನೋಡಿ, ಕೊನೆಯ ಸಾಲಿನಲ್ಲಿ ಬರೆದಿದ್ದರು: ನೀಲಿ ಲಂಗದ ಒಳಬದಿಯಲ್ಲಿ ಕೈಯಿಂದ ಹೊಲಿದ ಜೇಬು, ಹಸಿರು ದಾರ, ಜೇಬಿನ ಬಾಯಿಗೆ ಎರಡು ಸಾಲು ಹೊಲಿಗೆ.

ಆ ಸಂಜೆ ಪುಟಕ್ಕೆ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ಕೊನೇ ಗಳಿಗೆಯಲ್ಲಿ ಬಂತು. ಅಕ್ಕ ಬಾಲ ಕತ್ತರಿಸಿದಳು. ಅವರ ಕ್ರಮದಲ್ಲಿ ಮುಖ್ಯವಾದದ್ದು ಕೊನೆಗೆ, ನಮ್ಮ ಕ್ರಮದಲ್ಲಿ ಕೊನೆಯದು ಕಸ. ಅಚ್ಚಾದದ್ದರಲ್ಲಿ ಉಳಿದದ್ದು 'ವಯಸ್ಸು ಮೂವತ್ತರಿಂದ ಮೂವತ್ತೈದು, ನೀಲಿ ಉಡುಪು' ಅಷ್ಟೇ.

ಮಾರನೆಯ ದಿನ ನಾಲ್ಕು ಗಂಟೆಗೆ ಸಾಹೇಬರೇ ಕೇಳಿದರು. "ಕೊನೇ ಸಾಲು ಬಂತಾ? ನಮ್ಮ ಠಾಣೆಗೆ ನಿಮ್ಮ ಪೇಪರ್ ಬಂದಿಲ್ಲ ಇವತ್ತು."

"ಬಂತು ಬಂತು" ಅಂದಳು ಅಕ್ಕ. ನೋಡಿಯೂ ಇರಲಿಲ್ಲ. ಅವಳಿಗೆ ಬೇರೆ ಮಾತು ಆಡುವುದಿತ್ತು.

ಯಾರೂ ಬರಲಿಲ್ಲ. ಕಾಯಬೇಕಾದಷ್ಟು ದಿನ ಕಾದು, ಊರಾಡಳಿತದವರು ಹೆಣ ಮಣ್ಣು ಮಾಡಿದರು.

ಅದಾಗಿ ಮೂರು ವಾರಕ್ಕೆ ಹೊಳೆಯ ಈಚೆ ಬದಿಯ ಒಬ್ಬ ಹೊಲಿಗೆ ಕೆಲಸದ ಹೆಂಗಸು ನಮ್ಮ ಜಾಹೀರಾತು ಕೌಂಟರಿಗೆ ಬಂದು ಬೆಂಚಿನ ಮೇಲೆ ಕೂತಳು. ಮಗಳು ಕಾಣೆಯಾಗಿದ್ದಾಳೆ, ಪೇಪರಿನಲ್ಲಿ ಹಾಕಿಸಬೇಕು. ಇಪ್ಪತ್ತೆರಡು ವರ್ಷದವಳು. ಸಿಟ್ಟು ಬಂದರೆ ಗೆಳತಿಯರ ಮನೆಗೆ ಹೋಗಿ ವಾರಗಟ್ಟಲೆ ಇದ್ದು ಬರುವವಳಂತೆ. ಅದಕ್ಕೇ ತಾಯಿ ಪೊಲೀಸರ ಹತ್ತಿರ ಹೋಗಿದ್ದು ತಡವಾಗಿ, ಅದೂ ಈಚೆ ಬದಿಯ ಠಾಣೆಗೆ. ಎರಡು ಠಾಣೆಯ ಕಾಗದ ಒಂದನ್ನೊಂದು ಮುಖ ನೋಡಲಿಲ್ಲ. ಕೌಂಟರಿನಲ್ಲಿ ಯಾರೂ ಇರದ ಹೊತ್ತು. ಅಲ್ಲೇ ಹಾದುಹೋಗುತ್ತಿದ್ದ ಅಕ್ಕ ಒಳ್ಳೆಯ ಮನಸ್ಸಿನಿಂದ ಅರ್ಜಿ ತುಂಬಿಕೊಡಲು ಕೂತಳು.

"ಏನು ಹಾಕ್ಕೊಂಡಿದ್ಲಮ್ಮಾ?"

"ನೀಲಿ ಲಂಗ. ಒಳಗಡೆ ಜೇಬು ಇದೆ, ನಾನೇ ಹೊಲಿದಿದ್ದು, ಹಸಿರು ದಾರ. ಕಿತ್ತು ಬರಬಾರದು ಅಂತ ಬಾಯಿಗೆ ಎರಡು ಸಾಲು ಹೊಲಿದಿದ್ದೀನಿ."

ಅಕ್ಕ ಬರೆಯುತ್ತ ಹೋದಳು. ಈ ಮಾತನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತಂತೆ. ಹಳೆಯ ಕಾಪಿಗಳನ್ನು, ಅಂದರೆ ಅಚ್ಚಿಗೆ ಹೋದ ಮೂಲ ಕಾಗದಗಳನ್ನು, ತಿಂಗಳುಗಟ್ಟಲೆ ತಂತಿಗೆ ಚುಚ್ಚಿ ಇಡುವ ಪದ್ಧತಿ ನಮ್ಮಲ್ಲಿತ್ತು. ಒಂದು ನಿಮಿಷ ಬಂದೆ ಅಂತ ಒಳಗೆ ಹೋಗಿ ಹುಡುಕಿದಳು. ಸಾಹೇಬರ ಮುತ್ತಿನಂಥ ಅಕ್ಷರ, ಅದರ ಮೇಲೆ ಅವಳದೇ ನೀಲಿ ಗೆರೆ. ಚೀಟಿಯನ್ನು ಕೈಯಲ್ಲಿ ಮಡಚಿ ಹಿಡಿದು ಹೇಳಿಬಿಡೋಣ ಅಂತಲೇ ಹೊರಗೆ ಬಂದಳಂತೆ. ಅಷ್ಟರಲ್ಲಿ ಆ ತಾಯಿಯೇ ಮಾತು ತೆಗೆದಳು.

"ದಿನಾ ನಿಮ್ಮ ಪೇಪರ್ ನೋಡ್ತೀನಿ ಕಣಮ್ಮ. ಸೇತುವೆ ಕೆಳಗೆ ಹೆಣ ಸಿಕ್ತು ಅಂತ ಹಾಕಿದ್ರಲ್ಲ, ಅವತ್ತು ಎದೆ ಧಸಕ್ ಅಂತು. ವಯಸ್ಸು ಓದಿದ ಮೇಲೆ ಹೋದ ಜೀವ ವಾಪಸ್ ಬಂತು. ಪಾಪ, ಯಾರ ಮಗಳೋ ಏನೋ."

ಅಕ್ಕನ ಬಾಯಿ ಕಟ್ಟಿತು. ಅವತ್ತು ಕಟ್ಟಿದ್ದು ಇಪ್ಪತ್ತೊಂದು ವರ್ಷ ಬಿಚ್ಚಲಿಲ್ಲ. ಹೆಣದ ಬಟ್ಟೆ ಆಗ ಇನ್ನೂ ಠಾಣೆಯ ಒಂದು ಚೀಲದಲ್ಲಿತ್ತು, ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಆ ಫೋನನ್ನು ಯಾರಿಗೆ ಮಾಡಬೇಕು? 'ಬಂತು ಬಂತು' ಅಂದವಳು ಅವಳೇ. ನಾಳೆ ಹೇಳೋಣ ಅಂದುಕೊಂಡಳು. ಆ ನಾಳೆಗೆ ಇನ್ನೊಂದು ನಾಳೆ ಹುಟ್ಟಿತು. ಆ ಚೀಲವೂ ಯಾವತ್ತೋ ವಿಲೇವಾರಿಯಾಯಿತು.

ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೆಂಚಿನ ಮೇಲಿನ ಹೆಂಗಸು ಮಾತ್ರ. ಎರಡನೆಯ ಕಾದಂಬರಿಯ ಎಪ್ಪತ್ತನೆಯ ಪುಟದಲ್ಲಿ ಆಕೆ ಮೊದಲ ಸಲ ಬಂದಳು. ಪತ್ರಕರ್ತೆ ಕೊಲೆಗಾರನ ಬೆನ್ನು ಹತ್ತಿ ರೈಲು ನಿಲ್ದಾಣದಲ್ಲಿ ಓಡುತ್ತಿದ್ದಾಳೆ. ಅಲ್ಲಿ ಒಂದು ಬೆಂಚು, ಒಬ್ಬ ಹೆಂಗಸು, ತೊಡೆಯ ಮೇಲೆ ಕೈಚೀಲ. ಪತ್ರಕರ್ತೆ ಒಂದು ಗಳಿಗೆ ನಿಂತು ಆಕೆಯನ್ನು ನೋಡುತ್ತಾಳೆ, ಮುಂದೆ ಓಡುತ್ತಾಳೆ. ನಾನು ಅಂಚಿನಲ್ಲಿ ಬರೆದೆ: 'ಇವಳು ಯಾರು? ಬೇಕೇ?'

ಮೂರನೆಯದರಲ್ಲಿ ಮತ್ತೆ ಬಂದಳು, ನಾಲ್ಕನೆಯದರಲ್ಲೂ. ಐದನೆಯದಕ್ಕೆ ನನ್ನ ತಾಳ್ಮೆ ಮುಗಿಯಿತು. ಹಾಳೆಗಳನ್ನು ಹಿಡಿದು ಅವಳ ಮೇಜಿಗೇ ಹೋದೆ.

"ಅಕ್ಕ, ಈ ಹೆಂಗಸಿಗೆ ಮನೆಮಠ ಇಲ್ವಾ? ಪ್ರತಿ ಪುಸ್ತಕದಲ್ಲೂ ಬಂದು ಕೂತ್ಕೋತಾಳಲ್ಲ. ಕೊಲೆ ಮಾಡಲ್ಲ, ಸಾಯಲ್ಲ, ಸಾಕ್ಷಿ ಹೇಳಲ್ಲ. ತೆಗೆದುಬಿಡು, ಅರ್ಧ ಪುಟ ಉಳಿಯತ್ತೆ."

"ನಾನು ಕರೆಯಲ್ಲ ಕಣೋ" ಅಂದಳು. "ಬರೀತಾ ಇರ್ತೀನಿ, ಬಂದು ಕೂತಿರ್ತಾರೆ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮುಖ ಬಿಳುಚಿಕೊಂಡಿತ್ತು, ಕಣ್ಣು ನನ್ನ ಹಿಂದೆ ಬಾಗಿಲ ಕಡೆಗೆ ಇತ್ತು. ನಾನೂ ತಿರುಗಿ ನೋಡಿದೆ. ಮಟಮಟ ಮಧ್ಯಾಹ್ನ, ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಬೆನ್ನಿನಲ್ಲಿ ಸಣ್ಣಗೆ ಚಳಿ ಹುಟ್ಟಿದ್ದು ನೆನಪಿದೆ.

ಆಮೇಲಾಮೇಲೆ ಅವಳ ಎಷ್ಟೋ ವಿಚಿತ್ರಗಳಿಗೆ ನಾವು ಒಗ್ಗಿಹೋದೆವು. ಯಾವ ಕಾಗದ ಕೈಗೆ ಕೊಟ್ಟರೂ ಮೊದಲು ಕೊನೆಯ ಸಾಲು ಓದುತ್ತಿದ್ದಳು, ಆಮೇಲೆ ತಲೆ. ಕತ್ತರಿ ಅಂತ ಕರೆದರೆ ಬೆಚ್ಚುತ್ತಿದ್ದಳು, ಆದರೆ ಅಷ್ಟು ಹೊತ್ತಿಗೆ ಹೆಸರು ಗಟ್ಟಿಯಾಗಿತ್ತು. ಅಪರಿಚಿತ ಶವದ ಪ್ರಕಟಣೆ ಬಂದರೆ ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ವಿಶೇಷ ಗುರುತನ್ನು ಎತ್ತಿ ಮೊದಲ ಸಾಲಿಗೆ ಹಾಕುತ್ತಿದ್ದಳು. ಹಾಗೆ ಹಾಕುತ್ತಿದ್ದದ್ದು ನಮ್ಮ ಪತ್ರಿಕೆಯೊಂದೇ. ಸಂಪಾದಕರು ಒಮ್ಮೆ, "ಇದೇನಮ್ಮ, ಹೆಣಕ್ಕೆ ಹುಟ್ಟುಮಚ್ಚೆಯಿಂದ ಶುರು ಮಾಡ್ತೀಯಾ" ಅಂತ ನಗೆಯಾಡಿದರು. ಅವಳು ಅವರನ್ನು ನೋಡಿದ ನೋಟಕ್ಕೆ ಮತ್ತೆ ಆ ಮಾತು ಎತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ಟೈಪ್ ಮಾಡುವ ಸದ್ದು ಕೇಳಿದರೆ, "ಯಾರೋ ಹೊಲಿಗೆ ಯಂತ್ರ ತುಳೀತಿದ್ದಾರಲ್ಲ" ಅನ್ನುತ್ತಿದ್ದಳು. ಮದುವೆಯಾಗಲಿಲ್ಲ. ಅವಳ ತಮ್ಮ ತಂದ ಸಂಬಂಧಗಳನ್ನೆಲ್ಲ ಬೇಡ ಅಂದಳು. ಕಾದಂಬರಿಯೊಳಗಿನ ಇನ್‌ಸ್ಪೆಕ್ಟರ್ ಮಾತ್ರ ಮೂವತ್ತರ ಮೇಲೆ ಒಂದು ದಿನವೂ ದಾಟದೆ, ಅವಳ ಪತ್ರಕರ್ತೆಗೆ ದಿನಾ ನಾಲ್ಕು ಗಂಟೆಗೆ ಫೋನ್ ಮಾಡುತ್ತಿದ್ದ. ಪ್ರತಿ ಕತೆಯಲ್ಲೂ ಗುಟ್ಟು ಒಡೆಯುತ್ತಿದ್ದದ್ದು ಯಾವುದೋ ಕಾಗದದ ಕೊನೆಯ ಸಾಲಿನಿಂದ. ನನಗೆ ಅದೂ ಬೇಸರವಾಗಿತ್ತು. ಇವಳಿಗೆ ಬೇರೆ ಉಪಾಯವೇ ಹೊಳೆಯುವುದಿಲ್ಲವೇ ಅಂದುಕೊಳ್ಳುತ್ತಿದ್ದೆ.

ಹೊಲಿಗೆಯಮ್ಮ ಪ್ರತಿ ವರ್ಷ ಮಗಳು ಹೋದ ದಿನಕ್ಕೆ ಸರಿಯಾಗಿ ಬರುತ್ತಿದ್ದರು, ಅದೇ ಹಳೆಯ ಫೋಟೊ ತೆಗೆದುಕೊಂಡು. ಅಕ್ಕ ಎಲ್ಲಿದ್ದರೂ ಆ ಹೊತ್ತಿಗೆ ಕೌಂಟರಿನಲ್ಲಿ ಹಾಜರು. ಪಾಪಕ್ಕೆ ಅದೊಂದು ದಂಡ ಅಂದುಕೊಂಡಿದ್ದಳೋ ಏನೋ.

"ನೀನೇ ಬರೆದುಬಿಡಮ್ಮ, ನಿನ್ನ ಅಕ್ಷರ ಚೆನ್ನಾಗಿದೆ" ಅನ್ನುತ್ತಿದ್ದರು ಆಕೆ. ಅಕ್ಕ ಪ್ರತಿ ವರ್ಷ ಹಸಿರು ದಾರದಿಂದಲೇ ಶುರು ಮಾಡುತ್ತಿದ್ದಳು. ಮೊದಲ ಸಲದ್ದಾಗಲಿ ಆಮೇಲಿನವಾಗಲಿ ಸಾಹೇಬರ ಕಣ್ಣಿಗೆ ಬೀಳಲೇ ಇಲ್ಲ. ಹೊಲಿಗೆಯಮ್ಮ ಅವಳ ಕಾದಂಬರಿಗಳನ್ನೂ ಓದುತ್ತಿದ್ದರು. ಬೆಂಚಿನ ಮೇಲೆ ಕೂತ ಹೆಂಗಸು ತಾನೇ ಅಂತ ಆಕೆಗೆ ಹೊಳೆದೇ ಇರಲಿಲ್ಲ. ಒಂದು ವರ್ಷ ಅಂದರಂತೆ, "ನಿನ್ನ ಪುಸ್ತಕದಲ್ಲಿ ಬರ್ತಾನಲ್ಲ, ಅಂಥ ಪೊಲೀಸ್ ಒಬ್ಬ ಇದ್ದಿದ್ರೆ ನನ್ನ ಮಗಳನ್ನ ಯಾವತ್ತೋ ಹುಡುಕಿ ಕೊಡ್ತಿದ್ದ." ಆ ದಿನ ಅಕ್ಕ ಮೂರು ಗಂಟೆಗೇ ರಜೆ ಹಾಕಿ ಮನೆಗೆ ಹೋದಳು. ಹೊಟ್ಟೆನೋವು ಅಂತ ನನಗೆ ಹೇಳಿದಳು.

ಸಾಹೇಬರು ನಿವೃತ್ತರಾಗಿ ಎರಡು ವರ್ಷಕ್ಕೆ ತೀರಿಕೊಂಡರು. ನಿಧನ ವಾರ್ತೆ ನಮ್ಮ ಪತ್ರಿಕೆಗೂ ಬಂತು. ಹದಿನಾಲ್ಕು ಸಾಲಿತ್ತು, ಅಂಥವರಿಗೆ ನಾವು ಕೊಡುವುದು ನಾಲ್ಕು. ಅಕ್ಕ ಒಂದಕ್ಷರ ಬಿಡದೆ ಹದಿನಾಲ್ಕನ್ನೂ ಹಾಕಿಸಿದಳು. ನಾನು ಪ್ರೂಫ್ ಒಯ್ದು ಕೊಟ್ಟಾಗ ಮೇಜಿನ ಮೇಲೆ ತಲೆ ಇಟ್ಟಿದ್ದಳು. ಆ ಹೆಣಕ್ಕೆ ಯಾರೂ ಇರಲಿಲ್ಲ ಅಂತಲೇ ನಂಬಿಕೊಂಡು ಆತ ಹೋದರು.

ಅವಳು ನಿವೃತ್ತಳಾದಳು, ಮುಂದೆ ನಾನೂ ಆದೆ. ಇಪ್ಪತ್ತನೆಯ ಕಾದಂಬರಿ ಬರೆಯುತ್ತಿದ್ದಳು. ಪ್ರಕಾಶಕರ ಒತ್ತಾಯಕ್ಕೆ ಇದರಲ್ಲಿ ಅವರಿಬ್ಬರ ಮದುವೆ ಮಾಡಿಸುತ್ತೇನೆ ಅಂದಿದ್ದಳು. ಹೊಲಿಗೆಯಮ್ಮನ ದಿನ ಬಂದರೆ ಮಾತ್ರ ಈಗಲೂ ಕೌಂಟರಿಗೆ ಹೋಗುತ್ತಿದ್ದಳು. ಕಳೆದ ವರ್ಷ ಆ ದಿನ, ಬೆಳಗ್ಗೆ ಹನ್ನೊಂದಕ್ಕೆ, ಅಲ್ಲಿಂದ ನೇರ ನನ್ನ ಮನೆಗೆ ಬಂದಳು. ಚಪ್ಪಲಿ ಕಳಚದೆ ಕುರ್ಚಿಯಲ್ಲಿ ಕುಸಿದಳು. ನನ್ನ ಹೆಂಡತಿ ನೀರು ತಂದಿಟ್ಟಳು, ಮುಟ್ಟಲಿಲ್ಲ.

"ಅವರ ಅಂಗಡಿ ಇರೋ ಕಟ್ಟಡ ಕೆಡವ್ತಾರಂತೆ" ಅಂದಳು. "ತಮ್ಮನ ಮನೆಗೆ ಹೋಗ್ತಾರಂತೆ, ಬೇರೆ ಊರು. ಈ ಸಲ ಕಾಣೆಯಾಗಿದ್ದಾಳೆ ಅಂತ ಬೇಡ, ಮಗಳಿಗೇ ಕಾಗದ ಬರೆದ ಹಾಗೆ ಬರಿ ಅಂದ್ರು. ಮಗಳೇ, ಅಮ್ಮ ಮನೆ ಬದಲಾಯಿಸ್ತಿದ್ದಾಳೆ, ಹಳೇ ಬಾಗಿಲಿಗೆ ಬಂದು ವಾಪಸ್ ಹೋಗ್ಬೇಡ, ಹೊಸ ವಿಳಾಸ ಇದು ಅಂತ. ನಂಗೆ ಕೈ ಓಡಲಿಲ್ಲ ಕಣೋ. ನಾಳೆ ಬರೆದು ತರ್ತೀನಿ ಅಂದು ಬಂದೆ."

"ಪಾಪ, ಬರೆದುಕೊಡು, ಅದರಲ್ಲೇನು?" ಅಂದೆ ನಾನು. ನಾನು ಮೂರ್ಖ.

ಆಗ ಎಲ್ಲವನ್ನೂ ಹೇಳಿದಳು. ಒಂದು ಗಂಟೆ ಹೇಳಿದಳು. ಕೊನೆಗೆ ಚೀಲದ ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. ಕಾಗದ ಹಳದಿಯಾಗಿತ್ತು, ನೀಲಿ ಗೆರೆ ಹಾಗೇ ಇತ್ತು. ಗೆರೆಯ ಕೆಳಗೆ ಹಸಿರು ದಾರ ಅನ್ನುವ ಅಕ್ಷರ ಸ್ಪಷ್ಟವಾಗಿ ಓದಬಹುದಿತ್ತು. ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಇಪ್ಪತ್ತೊಂದು ವರ್ಷ ಒಬ್ಬ ತಾಯಿಯನ್ನು ಕಾಯಿಸಿದೆಯಲ್ಲೇ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಚೀಟಿಯ ಬಲಗಡೆ ಮೂಲೆ ನೋಡಿದೆ.

ಅಲ್ಲಿ ನನ್ನ ಸಹಿ ಇತ್ತು.

ಪ್ರೂಫ್ ನೋಡುವವನು ಮೂಲ ಕಾಪಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ, ಸರಿ ಇದ್ದರೆ ಕಾಪಿಯ ಮೂಲೆಯಲ್ಲಿ ಸಹಿ ಹಾಕಬೇಕು. ಹೊಡೆದುಹಾಕಿದ ಸಾಲನ್ನೂ ಕಣ್ಣು ಓದಿಯೇ ಇರುತ್ತದೆ. ಓದಿದ್ದೇನೆ. ಅದು ಹೊಡೆದುಹಾಕಿದ್ದು, ನನ್ನ ಕೆಲಸ ಅಲ್ಲ ಅಂತ ಸಹಿ ಹಾಕಿದ್ದೇನೆ. ಹಾಕಿ ಮನೆಗೆ ಬಂದು ಊಟ ಮಾಡಿ ಮಲಗಿದ್ದೇನೆ. ಅವಳಿಗಾದರೆ ಆ ಹೆಂಗಸು ಹದಿನೆಂಟು ಪುಸ್ತಕದಲ್ಲಿ ಬಂದು ಕೂತಳು. ನಾನು ಹದಿನೆಂಟು ಸಲವೂ 'ಬೇಕೇ?' ಅಂತ ಬರೆದೆ.

"ನನ್ನ ಸಹಿ ಇರೋದು ನಿಂಗೆ ಗೊತ್ತಿತ್ತಾ?" ಅಂತ ಕೇಳಿದೆ.

"ಮೊದಲ ದಿನದಿಂದ ಗೊತ್ತು."

"ಒಂದು ಸಲನಾದ್ರೂ ಹೇಳಬಾರದಿತ್ತಾ?"

"ನಿಂಗೆ ನಿದ್ದೆ ಚೆನ್ನಾಗಿ ಬರ್ತಿತ್ತಲ್ಲೋ" ಅಂದಳು. ಅದರಲ್ಲಿ ಕೊಂಕಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಹೋದೆವು. ಒಂದು ಕೋಣೆಯ ಅಂಗಡಿ, ಅದರ ಹಿಂದೆ ಅಡುಗೆಗೊಂದು ಮೂಲೆ. ಗೋಡೆಯ ಮೊಳೆಗೆ ಹಳೆಯ ಅಳತೆ ಟೇಪು, ಹಲಗೆಯ ಮೇಲೆ ದಾರದ ಉಂಡೆಗಳು ಬಣ್ಣದ ಪ್ರಕಾರ ಸಾಲಾಗಿ. ಅರ್ಧ ಸಾಮಾನು ಗಂಟು ಕಟ್ಟಿಯಾಗಿತ್ತು. ಹೊಲಿಗೆಯಮ್ಮ ಯಂತ್ರದ ಮುಂದೆ ಕೂತು ಒಂದು ದಿಂಬಿನ ಚೀಲ ಹೊಲಿಯುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ನಾನು ಆಕೆಯನ್ನು ಮೊದಲ ಸಲ ನೋಡುತ್ತಿದ್ದದ್ದು, ಆದರೆ ಆ ಕೈ, ಆ ಕೂರುವ ರೀತಿ, ಪಕ್ಕದಲ್ಲಿದ್ದ ಆ ಕೈಚೀಲ ಎಲ್ಲ ನನಗೆ ಬಾಯಿಪಾಠವಾಗಿತ್ತು.

"ಬರೆದು ತಂದ್ಯಾ ಮಗಳೇ?" ಅಂದರು.

ಅಕ್ಕ ನಿಂತೇ ಇದ್ದಳು. "ಅಮ್ಮ, ಒಂದು ಕಾಗದ ಓದ್ತೀನಿ. ಪೂರ್ತಿ ಕೇಳಿ" ಅಂದಳು. ಸಾಹೇಬರ ಚೀಟಿಯನ್ನು ಮೊದಲಿನಿಂದ ಓದಿದಳು. ಜಾಗ, ದಿನ, ವಯಸ್ಸು, ಎತ್ತರ, ಬಟ್ಟೆ. ನೀಲಿ ಗೆರೆಯ ಹತ್ತಿರ ಬಂದರೂ ನಿಲ್ಲಿಸಲಿಲ್ಲ. ಹಸಿರು ದಾರ, ಬಾಯಿಗೆ ಎರಡು ಸಾಲು ಹೊಲಿಗೆ.

ಹೊಲಿಗೆಯಮ್ಮ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟು ಅದನ್ನು ನಿಲ್ಲಿಸಿದರು. ಆಮೇಲೆ ಹಲಗೆಯ ಮೇಲಿನ ದಾರಗಳ ಕಡೆ ನೋಡುತ್ತ ಮಾತಾಡಿದರು.

"ಅವತ್ತು ನೀಲಿ ದಾರ ಮುಗಿದಿತ್ತು. ನೀಲಿ ಲಂಗಕ್ಕೆ ಹಸಿರು ದಾರನಾ, ಅಸಹ್ಯ, ನಾನು ಹಾಕ್ಕೊಳಲ್ಲ ಅಂತ ರಂಪ ಮಾಡಿದ್ಲು. ಒಳಗಡೆ ಯಾರು ನೋಡ್ತಾರೆ ಸುಮ್ನಿರೇ ಅಂತ ಗದರಿದೆ. ಕೊನೆಗೆ ಅದನ್ನೇ ಹಾಕ್ಕೊಂಡು, ಅದೇ ಸಿಟ್ಟಲ್ಲಿ ಹೋದ್ಲು."

ಅಕ್ಕನ ಕೈಯಲ್ಲಿದ್ದ ಚೀಟಿಯ ಕಡೆ ತಿರುಗಿದರು.

"ಯಾರೋ ನೋಡಿದ್ದಾರೆ" ಅಂದರು. "ಯಾರದು ಇದು ಬರೆದಿದ್ದು?"

"ಒಬ್ಬ ಪೊಲೀಸ್, ಅಮ್ಮ."

"ನಿನ್ನ ಪುಸ್ತಕದವನಾ?"

ಅಕ್ಕ ಹೌದು ಅಂತ ತಲೆಯಾಡಿಸಿದಳು.

"ಇದ್ದಾನಾ?"

"ಇಲ್ಲ."

"ಮತ್ತೆ ಪೇಪರಲ್ಲಿ ಈ ಸಾಲು ಇರಲಿಲ್ಲವಲ್ಲ. ನಾನು ಓದಿದ್ದೀನಿ. ಹತ್ತು ಸಲ ಓದಿದ್ದೀನಿ."

"ನಾನು ಹೊಡೆದುಹಾಕಿದೆ" ಅಂದಳು ಅಕ್ಕ. "ಜಾಗ ಇರಲಿಲ್ಲ."

ನನ್ನ ಸಹಿಯ ಮಾತು ನಾನೂ ಹೇಳಿದೆ. ಆಕೆ ನನ್ನ ಕಡೆ ತಿರುಗಲೂ ಇಲ್ಲ. ಅಕ್ಕನನ್ನೇ ನೋಡುತ್ತಿದ್ದರು, ಅವಳ ಮುಖದಲ್ಲಿ ಏನನ್ನೋ ಹುಡುಕುವವರ ಹಾಗೆ.

"ಇಷ್ಟು ವರ್ಷ ನಿನ್ನ ಕೈಲೇ ಬರೆಸಿದೆನಲ್ಲೇ" ಅಂದರು.

ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ಜೀವಮಾನದಲ್ಲಿ ಕೇಳಿಲ್ಲ. ಅಕ್ಕ ನೆಲಕ್ಕೆ ಕೂತುಬಿಟ್ಟಳು. ಹೊಲಿಗೆಯಮ್ಮ ಎದ್ದು ಅವಳನ್ನು ಹಿಡಿಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಣ್ಣು ಮಾಡಿದ ಜಾಗ ಎಲ್ಲಿ ಅಂತ ಕೇಳಿದರು, ಅಕ್ಕ ಗೊತ್ತಿದ್ದಷ್ಟು ಹೇಳಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಬರೆದುಕೊ ಅಂದರು. ಅಕ್ಕನಿಗಲ್ಲ, ನನಗೆ.

ಮಗಳ ಹೆಸರು. ವಯಸ್ಸು ಇಪ್ಪತ್ತೆರಡು. ಇಪ್ಪತ್ತೊಂದು ವರ್ಷದ ಹಿಂದೆ ಹೊಳೆಯಲ್ಲಿ ತೀರಿಕೊಂಡಿರುತ್ತಾಳೆ. ದುಃಖಿಸುವ ತಾಯಿ. ಅದರ ಕೆಳಗೆ ಪೊಲೀಸ್ ಬರೆದ ಸಾಲು ಪೂರ್ತಿ. "ಅದನ್ನ ಅವನು ಇಟ್ಟ ಜಾಗದಲ್ಲೇ, ಕೊನೆಗೇ ಹಾಕು" ಅಂದರು. "ಒಂದಕ್ಷರ ಹೋಗಕೂಡದು."

ಹೊರಡುವಾಗ ಚೀಟಿಯನ್ನು ಅಕ್ಕ ಆಕೆಯ ಕೈಗೆ ಕೊಟ್ಟಳು. ಹೊಲಿಗೆಯಮ್ಮ ಅದನ್ನು ತೆಗೆದುಕೊಂಡರು. ಅವಳ ಕೈ ಮುಟ್ಟದ ಹಾಗೆ ತೆಗೆದುಕೊಂಡರು.

ಅರ್ಜಿಯನ್ನು ನಾನೇ ಕೌಂಟರಿಗೆ ಒಯ್ದೆ. ಕೊಟ್ಟು ವಾಪಸ್ ಬರಬಹುದಿತ್ತು, ಬರಲಿಲ್ಲ. ಆ ಬೆಂಚಿನ ಮೇಲೆಯೇ ಸಂಜೆ ಆರರವರೆಗೆ ಕೂತೆ. ಪುಟ ಸಿದ್ಧವಾಯಿತು ಅಂದಾಗ ಒಳಗೆ ಹೋಗಿ, ಹಳೆಯ ಮುಖ ಅಂತ ಒಂದು ಪ್ರತಿ ಕೇಳಿ ತೆಗೆಸಿಕೊಂಡೆ. ಈಗ ಪ್ರೂಫ್ ಕೋಣೆ ಇಲ್ಲ, ಯಾರೂ ಮೂಲದ ಜೊತೆ ಹೋಲಿಸುವುದೂ ಇಲ್ಲ. ಮಗಳ ಹೆಸರಿತ್ತು, ಫೋಟೊ ಇತ್ತು, ದುಃಖಿಸುವ ತಾಯಿ ಇತ್ತು. ಅಲ್ಲಿಗೆ ಮುಗಿದಿತ್ತು.

ಪುಟ ಕಟ್ಟುವ ಹುಡುಗಿಯ ಮುಂದೆ ಹಾಳೆ ಹಿಡಿದೆ. "ಕೊನೇ ಸಾಲು ಎಲ್ಲಮ್ಮಾ?"

"ಜಾಹೀರಾತಿನ ಚೌಕದಲ್ಲಿ ಹಿಡೀಲಿಲ್ಲ ಸಾರ್" ಅಂದಳು. ಕೆಟ್ಟ ಹುಡುಗಿಯೇನಲ್ಲ. "ಅದರಲ್ಲಿ ದಾರ ಗೀರ ಅಂತ ಏನೋ ಇತ್ತು, ಮುಖ್ಯ ಅನ್ನಿಸಲಿಲ್ಲ. ಕೆಳಗಿಂದ ತೆಗೆದೆ."

ನಾನು ಅವಳ ಮೇಲೆ ಕೂಗಾಡಬೇಕಿತ್ತು. ಮೂವತ್ತೆರಡು ವರ್ಷದ ಹೆಸರಿಗೆ ತಕ್ಕ ಹಾಗೆ. ಕೂಗಾಡಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. ಫೋಟೊ ಒಂದಿಷ್ಟು ಚಿಕ್ಕದು ಮಾಡು, ಅಕ್ಷರ ಒಂದಿಷ್ಟು ಚಿಕ್ಕದು ಮಾಡು ಅಂತ ಹೇಳಿ, ಆ ಸಾಲು ಒಳಗೆ ಹೋಗುವವರೆಗೆ ಏಳಲಿಲ್ಲ. ಇನ್ನೊಂದು ಪ್ರತಿ ತೆಗೆಸಿ, ಅಕ್ಷರಕ್ಕೆ ಅಕ್ಷರ ಹೋಲಿಸಿ, ಮೂಲೆಯಲ್ಲಿ ಸಹಿ ಹಾಕಿದೆ. ಈ ಸಹಿ ಯಾರಿಗೂ ಬೇಕಿಲ್ಲ ಸಾರ್ ಅಂದಳು ಹುಡುಗಿ. ಇರಲಿ ಬಿಡು ಅಂದೆ.

ಬೆಳಗ್ಗೆ ಪತ್ರಿಕೆ ಬಾಗಿಲಿಗೆ ಬೀಳುವುದಕ್ಕೂ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅಕ್ಕ. ಅವಳ ಮನೆಗೂ ಅದೇ ಪತ್ರಿಕೆ ಬರುತ್ತದೆ. ಬಂದಿತ್ತು ಕೂಡ, ಮಡಿಕೆ ಬಿಚ್ಚಲು ಅವಳಿಗೆ ಧೈರ್ಯ ಸಾಲದೆ ಹಾಗೇ ಇಟ್ಟುಕೊಂಡಿದ್ದಳು.

"ಕೊನೇ ಸಾಲು ಬಂತಾ?" ಅಂದಳು.

"ತಡಿ" ಅಂದೆ. ಕನ್ನಡಕ ಹಾಕಿಕೊಂಡೆ. ಪುಟ ತಿರುಗಿಸಿ, ಬೆರಳಿಟ್ಟು, ನೋಡಿದೆ.

"ಬಂತು" ಅಂದೆ.